ತೋಟದ ಹಳೇ ಗೋಡೌನ್‌ನಲ್ಲಿ ಬೌಲಿಂಗ್ ಲೇನ್ ಹಾಕಬಹುದಾ?

ಮೂಡಿಗೆರೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಹೋಂಸ್ಟೇ. ಪಕ್ಕದಲ್ಲೇ ಹಳೇ ಕಾಫಿ ಗೋಡೌನ್ ಖಾಲಿ ಬಿದ್ದಿದೆ, 95 ಅಡಿ ಉದ್ದ, 20 ಅಡಿ ಅಗಲ. ಮಳೆಗಾಲದಲ್ಲಿ ಬಂದ ಗೆಸ್ಟ್‌ಗಳು ಹೊರಗೆ ಹೋಗಲಾಗದೆ ಮೊಬೈಲ್ ಹಿಡಿದು ಕೂತಿರುತ್ತಾರೆ, ಅದಕ್ಕೆ ಎರಡು ಬೌಲಿಂಗ್ ಲೇನ್ ಹಾಕೋಣ ಅಂತ ಯೋಚನೆ (ಕ್ರಿಕೆಟ್‌ದಲ್ಲ, ಉದ್ದನೆಯ ಹಲಗೆ ಹಾದಿಯಲ್ಲಿ ಭಾರದ ಚೆಂಡು ಉರುಳಿಸಿ, ಕೊನೆಯಲ್ಲಿ ನಿಲ್ಲಿಸಿದ ಬಾಟಲಿಯಂಥ ಪಿನ್‌ಗಳನ್ನು ಬೀಳಿಸುವ ಆಟ). ಕಂಪನಿಯವರ ರೇಟ್ ಕೇಳಿ ಅಪ್ಪ "ತೋಟದಲ್ಲೇ ಸಿಲ್ವರ್ ಓಕ್ ಇದೆಯಲ್ಲ, ನಮ್ಮ ಆಚಾರ್ರು ಮಾಡ್ತಾರೆ ಬಿಡು" ಅಂತಿದ್ದಾರೆ. ಆಗುತ್ತಾ? ಎಣ್ಣೆ ಬೇರೆ ಹಚ್ಚಬೇಕಂತೆ, ಅದು ಯಾಕೆ?

ಹಾಸನ ಮೆಕ್ಯಾನಿಕ್:
ನಾನು ಮೊದಲು ಬೆಂಗಳೂರಿನ ಒಂದು ಬೌಲಿಂಗ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದೆ. 95 ಅಡಿ ಸಾಕು. ಫೌಲ್ ಲೈನ್, ಅಂದರೆ ಚೆಂಡು ಬಿಡುವಾಗ ಆಡುವವರು ದಾಟಬಾರದ ಗೆರೆ, ಅಲ್ಲಿಂದ ಮೊದಲನೇ ಪಿನ್‌ಗೆ 60 ಅಡಿ, ಪಿನ್ ನಿಲ್ಲುವ ಜಾಗ ಸೇರಿಸಿದರೆ ಹತ್ತಿರ ಹತ್ತಿರ 63. ಆಡುವವರು ಹೆಜ್ಜೆ ಹಾಕಿ ಬರಲು ಆ ಗೆರೆಯ ಈಚೆಗೆ ಕನಿಷ್ಠ 15 ಅಡಿ ಬೇಕು. ಪಿನ್‌ಗಳ ಹಿಂದೆ ಅವನ್ನು ಎತ್ತಿ ನಿಲ್ಲಿಸುವ ಮಷೀನ್, ಅದರ ಹಿಂದೆ ಒಬ್ಬ ಮನುಷ್ಯ ಓಡಾಡುವಷ್ಟು ದಾರಿ. ಜಾಗ ಉಳಿಸಲು ಹೋಗಿ ಮಷೀನನ್ನು ಗೋಡೆಗೆ ಒತ್ತಿ ಕೂರಿಸಬೇಡಿ, ಪಿನ್ ಸಿಕ್ಕಿಕೊಂಡಾಗಲೆಲ್ಲ ಅಳಬೇಕಾಗುತ್ತದೆ.

ನಿಮಗೆ ಅಸಲಿ ತಲೆನೋವು ಮಟ್ಟದ್ದು. ಲೇನ್ ಅಗಲ 41.5 ಇಂಚು. ಅಷ್ಟು ಅಗಲದಲ್ಲಿ ಉಬ್ಬು ತಗ್ಗು 1 ಮಿಲಿಮೀಟರ್ ದಾಟಬಾರದು ಅನ್ನುವುದು ಟೂರ್ನಮೆಂಟ್ ಲೆಕ್ಕ. ಮನೆ ಆಟಕ್ಕೆ ಅಷ್ಟು ಬೇಡ ಅನ್ನಬಹುದು, ಆದರೆ 7 ಕೆಜಿ ಚೆಂಡು ಇಳಿಜಾರು ಇದ್ದ ಕಡೆಗೇ ವಾಲುತ್ತದೆ, ಆಮೇಲೆ ಎಲ್ಲರ ಚೆಂಡೂ ಒಂದೇ ಗಟರ್‌ಗೆ (ಲೇನ್ ಪಕ್ಕದ ಕಾಲುವೆಗೆ). ಹಳೇ ನೆಲಕ್ಕೆ ನೀರು ಹರಿಯಲಿ ಅಂತ ವಾಟ ಕೊಟ್ಟಿರುತ್ತಾರೆ, ನೋಡಿಕೊಳ್ಳಿ. ನೆಲದ ಮೇಲೆ ಮರದ ಚೌಕಟ್ಟು ಕಟ್ಟಿ, ಕೆಳಗೆ ತೆಳು ಪ್ಲೈವುಡ್ ಚೂರು ತುರುಕುತ್ತಾ ಮಟ್ಟಕ್ಕೆ ತರಬೇಕು. ಇದಕ್ಕೆ ರಸಮಟ್ಟ ಸಾಲದು, ಲೇಸರ್ ಬೇಕು.

ಮರದ ಮಾತು, ಚಿಕ್ಕಮಗಳೂರು:
ಸಿಲ್ವರ್ ಓಕ್ ಬೇಡ. ಹಳೇ ಕಾಲದ ಲೇನ್‌ಗಳಲ್ಲಿ 39 ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಮೊಳೆ ಹೊಡೆದು ಜೋಡಿಸುತ್ತಿದ್ದರು. ಚೆಂಡು ದೊಪ್ಪಂತ ಬೀಳುವ ಮೊದಲ 15 ಅಡಿಗೂ ಪಿನ್ ನಿಲ್ಲುವ ಜಾಗಕ್ಕೂ ಮೇಪಲ್ ಅನ್ನುವ ಗಟ್ಟಿ ವಿದೇಶಿ ಮರ, ನಡುವೆ ಮೆತ್ತಗಿನ ಪೈನ್. ಮೇಪಲ್‌ನಷ್ಟು ಗಟ್ಟಿತನ ನಮ್ಮ ಸಾಗುವಾನಿಗೂ ಇಲ್ಲ, ಇನ್ನು ಸಿಲ್ವರ್ ಓಕ್ ಎಲ್ಲಿ, ಒಂದು ಸೀಸನ್‌ನಲ್ಲಿ ಗುಳಿ ಬೀಳುತ್ತದೆ. ಅದೂ ಅಲ್ಲದೆ ಆರಿದ್ರಾ ಮಳೆ ಹಿಡಿದರೆ ನಮ್ಮ ಮನೆ ಬಾಗಿಲೇ ಉಬ್ಬಿ ಹಾಕಲು ಬರುವುದಿಲ್ಲ, ಅಂಥದ್ದರಲ್ಲಿ 60 ಅಡಿ ಮರ ಸುಮ್ನೆ ಇರುತ್ತದಾ? ಮರದ ಲೇನನ್ನು ಆಗಾಗ ಉಜ್ಜಿ ಹೊಸದಾಗಿ ಪಾಲಿಶ್ ಮಾಡಬೇಕು, ಪ್ರತಿ ಸಲ ಸ್ವಲ್ಪ ಸವೆಯುತ್ತದೆ. ಈ ರಗಳೆ ಬೇಡ ಅಂತಲೇ 1980ರ ದಶಕದಿಂದ ಸಿಂಥೆಟಿಕ್ ಹಲಗೆಗಳು ಜಾಸ್ತಿಯಾದವು, ಕಬೋರ್ಡ್‌ಗೆ ಅಂಟಿಸುವ ಸನ್‌ಮೈಕಾದ ದಪ್ಪ ಅಣ್ಣ ಅಂದುಕೊಳ್ಳಿ. ಸಿಲ್ವರ್ ಓಕ್‌ನಲ್ಲಿ ಬೆಂಚು, ಚೆಂಡಿನ ಸ್ಟ್ಯಾಂಡ್ ಮಾಡಿಸಿ, ಅಪ್ಪಾಜಿಗೂ ಸಮಾಧಾನ.

ಸಕಲೇಶಪುರದಿಂದ:
ಪಿನ್ ಮಷೀನ್ ತಗೊಳ್ಳುವಾಗ ದಾರ ಕಟ್ಟಿದ ಪಿನ್‌ಗಳದ್ದನ್ನು ನೋಡಿ. ಬಿಡಿ ಭಾಗ ಕಡಿಮೆ, ಕರೆಂಟೂ ಕಡಿಮೆ ತಿನ್ನುತ್ತದೆ. ನಮ್ಮ ಕಡೆ ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಲ್ಲ. ಪಿನ್ ಬೀಳುವ ರೀತಿ ಬೇರೆ ಅಂತ ಆಟಗಾರರು ಮೂಗು ಮುರಿಯುತ್ತಾರೆ. ಆದರೆ 2023ರಲ್ಲಿ ಅಮೆರಿಕದ ಬೌಲಿಂಗ್ ಸಂಸ್ಥೆಯೇ ಅದನ್ನು ಬೇರೆ ವಿಭಾಗವಾಗಿ ಒಪ್ಪಿಕೊಂಡಿದೆ, ಗೆಸ್ಟ್‌ಗಳಿಗೆ ಧಾರಾಳ ಸಾಕು. ಇನ್ನೊಂದು, ಒದ್ದೆ ಚಪ್ಪಲಿಯಲ್ಲಿ ಯಾರನ್ನೂ ಹತ್ತಿಸಬೇಡಿ. ಚೆಂಡು ಬಿಡುವ ಕೊನೇ ಹೆಜ್ಜೆಯಲ್ಲಿ ಕಾಲು ಸ್ವಲ್ಪ ಜಾರಬೇಕು, ಅಲ್ಲಿ ಗಪ್ಪಂತ ಹಿಡಿದುಕೊಂಡರೆ ಮುಖ ಅಡಿಯಾಗಿ ಬೀಳುತ್ತಾರೆ.

ಮೂಡಿಗೆರೆ ಹುಡುಗ:
ಥ್ಯಾಂಕ್ಸ್. ಎಣ್ಣೆ ವಿಷಯ ಯಾರೂ ಹೇಳಲಿಲ್ಲ. ಕೊಬ್ಬರಿ ಎಣ್ಣೆ ನಡೆಯುತ್ತಾ?

ಹಾಸನ ಮೆಕ್ಯಾನಿಕ್:
ಅಯ್ಯೋ ಬೇಡ ಮಾರಾಯ್ರೇ, ಜಿಡ್ಡು ಕಟ್ಟಿ ಇರುವೆ ಮುತ್ತುತ್ತವೆ! ಲೇನ್‌ಗೆ ಅಂತಲೇ ತೆಳುವಾದ ಮಿನರಲ್ ಆಯಿಲ್ ಬರುತ್ತದೆ, ಒಂದು ಲೇನ್‌ಗೆ ಸುಮಾರು 20ರಿಂದ 25 ಎಂಎಲ್ ಅಷ್ಟೇ. ಚೆಂಡು ಉಜ್ಜಿ ಮೇಲ್ಮೈ ಹಾಳಾಗದಿರಲಿ ಅಂತ ಹಚ್ಚುವುದು. ಸಾಮಾನ್ಯವಾಗಿ ಮೊದಲ 40 ಅಡಿಗೆ ಹಚ್ಚಿ ಉಳಿದದ್ದನ್ನು ಒಣಗಿದ ಹಾಗೇ ಬಿಡುತ್ತಾರೆ, ನಡುವೆ ಜಾಸ್ತಿ, ಅಂಚಿಗೆ ಕಡಿಮೆ. ತಿರುಗಿಸಿ ಬಿಟ್ಟ ಚೆಂಡು ಎಣ್ಣೆಯಲ್ಲಿ ಜಾರಿ ಹೋಗಿ, ಒಣ ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ಹೊರಳುವುದು ಅದಕ್ಕೇ. ಆಡುತ್ತಾ ಆಡುತ್ತಾ ಚೆಂಡು ಎಣ್ಣೆಯನ್ನು ಮುಂದಕ್ಕೆ ಎಳೆದೊಯ್ಯುತ್ತದೆ, ಧೂಳೂ ಕೂರುತ್ತದೆ. ಹಾಗಾಗಿ ಹಳೇ ಎಣ್ಣೆಯನ್ನು ಪೂರ್ತಿ ತೆಗೆದೇ ಹೊಸದು ಹಚ್ಚಬೇಕು, ಮೇಲೆ ಮೇಲೆ ಸುರಿಯಬಾರದು. ಸೆಂಟರ್‌ಗಳಲ್ಲಿ ಇದು ದಿನಾ ಇರುವ ಕೆಲಸ, ನೀವು ಆಟ ನಡೆದ ದಿನ ಮಾಡಿ.

ದುಡ್ಡು ಹಾಕುವ ಮೊದಲು ಒಂದು ಪ್ಲಾಸ್ಟಿಕ್ ಹಾಳೆ ತಗೊಂಡು ಗೋಡೌನ್ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಮಾರನೇ ದಿನ ಅಡಿಯಲ್ಲಿ ನೀರಿನ ಹನಿ ಕಂಡರೆ ನೆಲ ಕೆಳಗಿಂದ ತೇವ ಎಳೆಯುತ್ತಿದೆ ಅಂತ. ಹಾಗಿದ್ದರೆ ಮೊದಲು ತೇವ ತಡೆಯುವ ಪದರ ಹಾಕಿಸಿ, ಲೇನ್ ಮಾತು ಆಮೇಲೆ.

ಮೂಡಿಗೆರೆ ಹುಡುಗ:
ಇಲ್ಲಿ ಈಗ ಮಳೆ ಜೋರಾಗಿಯೇ ಇದೆ. ಇವತ್ತು ಸಂಜೆ ಹಾಳೆ ಅಂಟಿಸಿ, ನಾಳೆ ಫೋಟೋ ಹಾಕುತ್ತೇನೆ.