ಸಹಾಯ ಬೇಕು: ಹಳೆಯ ಷೇರು ಪತ್ರಕ್ಕೆ ಅಂಟಿದ ಟೇಪ್ ತೆಗೆಯುವುದು ಹೇಗೆ?

ದಿವಾಳಿಯಾದ ಕ್ಯಾಸಿನೊ ಕಂಪನಿಗಳ ಷೇರು ಪತ್ರ ಕೂಡಿಡುವುದು ನನ್ನ ಹುಚ್ಚು. ಈಚೆಗೆ ಅಮೆರಿಕದ ರೆಸಾರ್ಟ್ಸ್ ಇಂಟರ್‌ನ್ಯಾಷನಲ್ ಕಂಪನಿಯದೊಂದು ಕೈಸೇರಿತು. ಬಣ್ಣ ಮಾರುತ್ತಿದ್ದ ಮೇರಿ ಕಾರ್ಟರ್ ಪೇಂಟ್ ಕಂಪನಿಯೇ 1968ರಲ್ಲಿ ಈ ಹೆಸರು ಇಟ್ಟುಕೊಂಡದ್ದು. 1978ರಲ್ಲಿ ಅಟ್ಲಾಂಟಿಕ್ ಸಿಟಿಯ ಮೊದಲ ಕ್ಯಾಸಿನೊ ತೆರೆದು, 1989ರಲ್ಲಿ ದಿವಾಳಿ ಅರ್ಜಿ ಹಾಕಿತು. ಬಣ್ಣದ ವ್ಯಾಪಾರವೇ ವಾಸಿಯಿತ್ತೇನೋ!

ಅಂಚಿನ ಮುದ್ರಣ ಈಗಲೂ ಬೆರಳಿಗೆ ಉಬ್ಬುಉಬ್ಬಾಗಿ ತಾಕುತ್ತದೆ. ಆದರೆ ಮಡಿಕೆ ಹರಿದಲ್ಲಿ ಹಿಂದೆ ಯಾರೋ ಸೆಲ್ಲೊಟೇಪ್ ಅಂಟಿಸಿದ್ದಾರೆ. ಅದು ಹಳದಿಗಟ್ಟಿದೆ, ಅಂಟಿನ ಕಲೆ ಸಹಿಯ ತನಕ ಹಬ್ಬಿದೆ. ಬಿಸಿ ಗಾಳಿ ಕೊಟ್ಟರೆ ಬಿಡುತ್ತದೆಯೇ, ಇಲ್ಲವೇ ಶಾಯಿಯೂ ಕದಡೀತೇ? ಕಾಗದ ಸಂರಕ್ಷಣೆ ಬಲ್ಲವರು ದಯವಿಟ್ಟು ತಿಳಿಸಿ. ಲ್ಯಾಮಿನೇಷನ್ ಮಾಡಿಸಿ ಎನ್ನುವವರಿಗೆ ದೂರದಿಂದಲೇ ನಮಸ್ಕಾರ.