ಫ್ಲೈ ಫಿಶಿಂಗ್: ಎದುರುಗಾಳಿಗೆ ತಕ್ಕ ಲೀಡರ್ ಕಟ್ಟುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನಾನು ತುಮಕೂರಿನವನು. ಕಳೆದ ಬಾರಿ ಕಾಪು ಕಡಲತೀರದಲ್ಲಿ ಫ್ಲೈ ಫಿಶಿಂಗ್ (‘ಫ್ಲೈ’ ಎಂಬ ಹಗುರವಾದ ಕೃತಕ ಎರೆಯನ್ನು ಎಸೆದು ಮೀನು ಹಿಡಿಯುವುದು) ಮಾಡುವಾಗ, ಅಂಗಡಿಯಿಂದ ತಂದ 12 ಅಡಿಯ ಲೀಡರ್ (ದಪ್ಪ ಲೈನಿಗೂ ಫ್ಲೈಗೂ ನಡುವೆ ಕಟ್ಟುವ, ತುದಿಯತ್ತ ಸಪೂರವಾಗುವ ಎಳೆ) ಎದುರುಗಾಳಿಗೆ ನೀಳವಾಗಿ ಬಿಚ್ಚಿಕೊಳ್ಳದೆ, ಫ್ಲೈ ಪ್ರತಿಸಲವೂ ಲೈನಿನ ತುದಿಗೇ ಮರಳಿ ಬೀಳುತ್ತಿತ್ತು. ನಾನೇ ಕಟ್ಟಿಕೊಳ್ಳಬೇಕೆಂದಿದ್ದೇನೆ, ಬಲ್ಲವರು ಅಳತೆ ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಗಾಳಿಯಿದ್ದಾಗ 12 ಅಡಿ ಹೆಚ್ಚಾಯಿತು, ಸರ್. ನಾನು 40 ಪೌಂಡಿನ (ಅಷ್ಟು ಎಳೆತ ತಾಳುವ) ಗಡುಸಾದ ನೈಲಾನ್ 5 ಅಡಿ, 30 ಪೌಂಡಿನದು ಒಂದೂವರೆ ಅಡಿ, ಕೊನೆಗೆ 20 ಪೌಂಡಿನ ಟಿಪೆಟ್ (ಫ್ಲೈ ಕಟ್ಟುವ ಸಪೂರ ತುದಿ ಎಳೆ) 2 ಅಡಿ ಸೇರಿಸಿ ಕಟ್ಟುತ್ತೇನೆ. ಅರ್ಧಕ್ಕಿಂತ ಹೆಚ್ಚು ಭಾಗ ದಪ್ಪ ಎಳೆಯೇ ಆಗಿರಬೇಕು. ಏಕೆಂದರೆ ಲೈನಿನ ವೇಗವು ಆ ಗಡುಸು ಬುಡದ ಮೂಲಕವೇ ಫ್ಲೈಯನ್ನು ಮುಟ್ಟಬೇಕು, ಬುಡ ಮೆತ್ತಗಿದ್ದರೆ ಅದು ನಡುದಾರಿಯಲ್ಲೇ ಉಡುಗಿಹೋಗುತ್ತದೆ.

ಉತ್ತರ 2:
ಅಳತೆ ಸರಿಯಿದೆ, ಆದರೆ ಕೈಕೊಡುವುದು ಗಂಟು. ಎಳೆಗಳನ್ನು, ತುದಿಗಳನ್ನು ಒಂದಕ್ಕೊಂದು ಸುತ್ತಿ ಹಾಕುವ ಬ್ಲಡ್ ನಾಟ್‌ನಿಂದ ಜೋಡಿಸಿ, ಎಂಜಲು ಹಚ್ಚಿ ಒದ್ದೆ ಮಾಡಿದ ಮೇಲೆಯೇ ನಿಧಾನವಾಗಿ ಬಿಗಿಯಿರಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ದುರ್ಬಲವಾಗುತ್ತದೆ. ಸುರುಳಿಗಳು ಪಕ್ಕಪಕ್ಕದಲ್ಲಿ ಕೂರದೆ ಒಂದರ ಮೇಲೊಂದು ಹತ್ತಿದ್ದರೆ, ಬೇಸರವಾದರೂ ಸರಿ, ಕತ್ತರಿಸಿ ಮತ್ತೆ ಕಟ್ಟಿ.

ಉತ್ತರ 3:
ಎಸೆಯುವಾಗ ಲೀಡರಿನಲ್ಲಿ ತಾನಾಗಿ ಬೀಳುವ ಸಣ್ಣ ಗಂಟಿಗೆ ನಾವೆಲ್ಲ ಗಾಳಿಯನ್ನು ದೂರುತ್ತೇವೆ; ಹೆಚ್ಚಿನ ಸಲ ತಪ್ಪು ನಮ್ಮ ಕೈಯದು, ರಾಡಿಗೆ ಒಮ್ಮೆಲೇ ಬಲ ಹಾಕಿದ್ದರ ಫಲ. ಅಂಥ ಗಂಟು ಕಂಡೊಡನೆ ಟಿಪೆಟ್ ಬದಲಿಸಿ. ಅಭ್ಯಾಸಕ್ಕೆ ಕಡಲೇ ಬೇಕಿಲ್ಲ; ಫ್ಲೈ ಬದಲು ಉಣ್ಣೆಯ ಚೂರು ಕಟ್ಟಿಕೊಂಡು, ಆಷಾಢದ ಗಾಳಿಯಲ್ಲಿ ನಿಮ್ಮೂರಿನ ಯಾವುದಾದರೂ ಬಯಲಿನಲ್ಲಿ ನಿಂತರೆ ಸಾಕು.