ಹೆಜ್ಜೆಯೂ ಅದರ ವಾರಸುದಾರರೂ

ನಮ್ಮ ನಿಸರ್ಗ ಬಳಗದ ತಿಂಗಳ ಸಭೆಯಲ್ಲಿ ಹೊಸ ಸದಸ್ಯರೊಬ್ಬರು ಎದ್ದು ನಿಂತು, ಕೆರೆದಂಡೆಯ ಕೆಸರಿನಲ್ಲಿ ತಾವು ಚಿರತೆಯ ಹೆಜ್ಜೆಯನ್ನು ಕಂಡುದಾಗಿ ಘೋಷಿಸಿದಾಗ, ಅದುವರೆಗೆ ತೂಕಡಿಸುತ್ತಿದ್ದ ಖಜಾಂಚಿಗಳು ಕೂಡ ಪೂರ್ತಿಯಾಗಿ ಕಣ್ಣು ಬಿಟ್ಟರು.

“ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದಿದ್ದೀರಾ?” ಎಂದು ಮೇಷ್ಟ್ರು ಕೇಳಿದರು. ನಮ್ಮಲ್ಲಿ ಯಾವ ಜೀವಿ ಏನೆಂಬುದನ್ನು ಕೊನೆಗೆ ತೀರ್ಮಾನಿಸುವವರು ಅವರೇ.

“ಚಿತ್ರ ತೆಗೆದಿದ್ದೇನೆ. ಆದರೆ ಚಿರತೆಯು ಬೆನ್ನ ಹಿಂದೆಯೇ ಇರಬಹುದಾದ ಹೊತ್ತಿನಲ್ಲಿ ಅಳತೆಪಟ್ಟಿ ಹುಡುಕುವಷ್ಟು ವೈಜ್ಞಾನಿಕ ಮನೋಭಾವ ನನ್ನಲ್ಲಿನ್ನೂ ಬೆಳೆದಿಲ್ಲ, ಮೇಷ್ಟ್ರೇ.”

ಮೇಷ್ಟ್ರು ಚಿತ್ರವನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದರು. “ಬೆಕ್ಕಿನ ಕುಲದವು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಕೆಸರಿನಲ್ಲಿ ಬೆರಳು ಮೂಡುತ್ತದೆಯೇ ಹೊರತು ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ. ನಾಯಿಗೆ ಆ ಸೌಕರ್ಯವಿಲ್ಲ. ನಿಮ್ಮ ಚಿತ್ರದಲ್ಲಿ ನಾಲ್ಕು ಬೆರಳಿಗೂ ನಾಲ್ಕು ಉಗುರುಗಳಿವೆ.”

ಹೊಸಬರು ಕ್ಷಣಕಾಲ ಯೋಚಿಸಿ, “ಹಾಗಾದರೆ ಚೀತಾ ಇರಬಹುದು, ಅದರ ಉಗುರು ಪೂರ್ತಿಯಾಗಿ ಒಳಗೆ ಹೋಗುವುದಿಲ್ಲವಂತೆ!” ಎಂದರು.

ಚೀತಾದ ಮಾತು ನಿಜವೇ ಆದ್ದರಿಂದ ಮೇಷ್ಟ್ರಿಗೆ ಇನ್ನಷ್ಟು ಸಂಕಟವಾಯಿತು. “ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವವರನ್ನು ಕಂಡಿದ್ದೇನೆ. ನಾಯಿ ಹೋಯಿತೆಂದ ಮೇಲೂ ಚೀತಾವನ್ನು ಕರೆತರುವವರನ್ನು ಈಗಷ್ಟೇ ಕಾಣುತ್ತಿದ್ದೇನೆ,” ಎಂದು ಅವರು ನಿಟ್ಟುಸಿರುಬಿಟ್ಟರು.

ಖಜಾಂಚಿಗಳು ಹೊಸಬರ ಪರ ವಹಿಸಿದರು. “ಹಳಬರ ದಾಖಲೆ ಏನು ಮಹಾ? ಕಳೆದ ಅಮಾವಾಸ್ಯೆಯಂದು ಪತಂಗ ವೀಕ್ಷಣೆಗೆಂದು ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿದಾಗ, ನಮ್ಮ ಕಾರ್ಯದರ್ಶಿಗಳು ಬಿಳಿ ಅಂಗಿ ತೊಟ್ಟು ಬಂದು ದೀಪಕ್ಕೂ ಬಟ್ಟೆಗೂ ನಡುವೆ ನಿಂತರು. ಬಂದ ಪತಂಗಗಳಲ್ಲಿ ಅರ್ಧದಷ್ಟು ಅವರ ಮೇಲೆಯೇ ಕುಳಿತದ್ದರಿಂದ, ‘ಕಂಡ ಸ್ಥಳ’ ಎಂಬಲ್ಲಿ ‘ಕಾರ್ಯದರ್ಶಿಗಳ ಬೆನ್ನು’ ಎಂದು ಹದಿನಾಲ್ಕು ಸಲ ಬರೆಯಬೇಕಾಯಿತು.”

“ಆದರೂ ಮೀಸೆ ನೋಡಿ ಗುರುತಿಸಲು ಅದೇ ಅನುಕೂಲವಾಯಿತಲ್ಲ,” ಎಂದು ಕಾರ್ಯದರ್ಶಿಗಳು ಸಮರ್ಥಿಸಿಕೊಂಡರು. ಚಿಟ್ಟೆಯ ಮೀಸೆಯ ತುದಿ ಗುಂಡಾಗಿ ಉಬ್ಬಿರುತ್ತದೆ; ಪತಂಗದ್ದು ಸಾಮಾನ್ಯವಾಗಿ ಎಳೆಯಂತೆಯೋ ಗರಿಯಂತೆಯೋ ಇರುತ್ತದೆ. ಈ ವ್ಯತ್ಯಾಸವನ್ನು ಕಾಣಬೇಕಾದರೆ ಭೂತಗನ್ನಡಿ ಹಿಡಿದು ತೀರಾ ಸಮೀಪಕ್ಕೆ ಹೋಗಬೇಕಾಗುತ್ತದೆ. ಅಂದು ನಾವೆಲ್ಲರೂ ಸಾಲಾಗಿ ನಿಂತು ಅವರ ಬೆನ್ನನ್ನು ಪರೀಕ್ಷಿಸುತ್ತಿದ್ದ ದೃಶ್ಯವನ್ನು ಕಂಡ ದಾರಿಹೋಕರೊಬ್ಬರು ಏನು ಕಾಯಿಲೆಯೆಂದು ವಿಚಾರಿಸಿದ್ದರು.

ಖಜಾಂಚಿಗಳ ದೂರು ಅಲ್ಲಿಗೇ ಮುಗಿಯಲಿಲ್ಲ. ಗೂಬೆಯು ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮೂಳೆಗಳನ್ನು ಉಂಡೆ ಮಾಡಿ ಬಾಯಿಂದಲೇ ಹೊರಹಾಕುತ್ತದೆ. ಅಂಥ ಉಂಡೆಯೊಂದನ್ನು ಮೇಷ್ಟ್ರು ಲೆಕ್ಕದ ಪುಸ್ತಕದ ಮೇಲೆಯೇ ಬಿಡಿಸಿದ್ದರು. “ಮೂರು ತಲೆಬುರುಡೆ ಸಿಕ್ಕವು, ಆದ್ದರಿಂದ ಗೂಬೆ ತಿಂದದ್ದು ಕನಿಷ್ಠ ಮೂರು ಇಲಿ,” ಎಂದು ಮೇಷ್ಟ್ರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಬಳಗದಲ್ಲಿ ಇದುವರೆಗೆ ಸರಿಯಾಗಿ ತಾಳೆಯಾದ ಲೆಕ್ಕ ಅದೊಂದೇ ಎಂಬುದು ನನ್ನ ಅಭಿಪ್ರಾಯ. ಖಜಾಂಚಿಗಳ ಎದುರು ಹೇಳುವುದಿಲ್ಲ.

ಮಾತು ಎಣಿಕೆಯ ಕಡೆಗೆ ಹೊರಳಿತು. ಕ್ರಿಸ್ಮಸ್ ಸಮಯದಲ್ಲಿ ಯಾರು ಹೆಚ್ಚು ಹಕ್ಕಿಗಳನ್ನು ಹೊಡೆದು ಗುಡ್ಡೆ ಹಾಕುತ್ತಾರೆಂಬ ಪಂದ್ಯ ಅಮೆರಿಕದಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಹೊಡೆಯುವ ಬದಲು ಎಣಿಸೋಣವೆಂದು ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಸೂಚಿಸಿದ್ದು 1900ರಲ್ಲಿ; ಮೊದಲ ವರ್ಷ ಎಣಿಸಿದವರು 27 ಮಂದಿ. “ಬಂದೂಕು ಹೋಯಿತು, ಪಂದ್ಯ ಉಳಿಯಿತು,” ಎಂದು ಖಜಾಂಚಿಗಳು ಕುಟುಕಿದರು. “ನಮ್ಮವರು ಒಂದೇ ಕಾಗೆಯನ್ನು ಬರುವಾಗಲೊಮ್ಮೆ, ಹೋಗುವಾಗಲೊಮ್ಮೆ ಎಣಿಸಿ ಎರಡು ಮಾಡುವುದಿಲ್ಲವೇ?”

ಕೊನೆಗೆ ಸ್ಥಳಪರಿಶೀಲನೆಯೇ ಆಗಲೆಂದು ಎಲ್ಲರೂ ಕೆರೆದಂಡೆಗೆ ಹೊರಟೆವು. ಹೊಸಬರು ಪಿಸುದನಿಯಲ್ಲಿ ಮುನ್ನಡೆಸುತ್ತಿದ್ದರೆ, ಮೇಷ್ಟ್ರು ಅಳತೆಪಟ್ಟಿಯನ್ನು ಕತ್ತಿಯಂತೆ ಹಿಡಿದು ಹಿಂಬಾಲಿಸುತ್ತಿದ್ದರು. ಹೆಜ್ಜೆಯ ಸಾಲು ಜೊಂಡಿನವರೆಗೆ ಹೋಗಿತ್ತು. ಜೊಂಡು ಅಲುಗಾಡಿತು. ಕಾರ್ಯದರ್ಶಿಗಳು ನನ್ನ ತೋಳನ್ನು ಹಿಡಿದುಕೊಂಡರು. ಒಳಗಿನಿಂದ ಕೆಸರು ಮೆತ್ತಿದ ಕಂದು ಬಣ್ಣದ ನಾಯಿಯೊಂದು ಹೊರಬಂದು, ಹೊಸಬರನ್ನು ಕಂಡೊಡನೆ ಹಳೆಯ ಪರಿಚಯವೆಂಬಂತೆ ಬಾಲ ಅಲ್ಲಾಡಿಸಿತು.

ಮೇಷ್ಟ್ರು ದಾಖಲೆ ಪುಸ್ತಕ ತೆರೆದು, “ಹೆಸರು ಏನೆಂದು ಬರೆಯಲಿ?” ಎಂದು ಕೇಳಿದರು.

“ರಾಜ,” ಎಂದರು ಹೊಸಬರು, ತಲೆ ತಗ್ಗಿಸಿ. “ನಮ್ಮ ಮನೆಯದೇ.”